ಹುಣಸೆ ಮರದ ಗಡಿಯಾರ

ನಮ್ಮ ಹಳೆಯ ಸಿನಿಮಾಗಳಲ್ಲಿ ಇಪ್ಪತ್ತು ವರ್ಷ ಕಳೆಯುವುದಕ್ಕೆ ಇಪ್ಪತ್ತು ಸೆಕೆಂಡು ಸಾಕಾಗುತ್ತಿತ್ತು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಳೆಗಳು ಎಲ್ಲಿಂದಲೋ ಬಂದ ಗಾಳಿಗೆ ಒಂದೊಂದಾಗಿ ಕಿತ್ತು ಹಾರಿಹೋಗುತ್ತಿದ್ದವು. ಇಲ್ಲವೇ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ರೈಲು ಹಳಿಯ ಪಕ್ಕ ಓಡುತ್ತಿದ್ದ. ಕ್ಯಾಮೆರಾ ಅವನ ಬರಿಗಾಲನ್ನೇ ನೋಡುತ್ತ ಹೋಗುತ್ತಿತ್ತು. ನೋಡನೋಡುತ್ತಿದ್ದಂತೆ ಆ ಕಾಲಿಗೆ ಬೂಟು ಬಂದು, ಬೂಟಿನ ಮೇಲೆ ಸಾಕ್ಷಾತ್ ನಾಯಕನಟನೇ ನಿಂತಿರುತ್ತಿದ್ದ. ತಾಯಿ ಹೊಲಿಗೆ ಯಂತ್ರದ ಚಕ್ರ ತಿರುಗಿಸುತ್ತಿದ್ದರೆ ಸಾಕು, ಮಗ ವಕೀಲನಾಗಿಬಿಡುತ್ತಿದ್ದ. ತಾಯಿಗೆ ವಯಸ್ಸಾಯಿತೆನ್ನಲು ಕಿವಿಯ ಪಕ್ಕ ಒಂದಿಷ್ಟು ಬಿಳಿ ಬಣ್ಣ. ನಾವು ನಗುತ್ತಿದ್ದೆವು, ಆದರೆ ನಂಬುತ್ತಲೂ ಇದ್ದೆವು. ಏಕೆಂದರೆ ಕಾಲ ಎಂಬುದು ಕಣ್ಣಿಗೆ ಕಾಣುವ ಪದಾರ್ಥವಲ್ಲ. ಕಾಣದ್ದನ್ನು ತೋರಿಸಲು ಹೊರಟವನು ಯಾವುದಾದರೊಂದು ಉಪಾಯ ಮಾಡಲೇಬೇಕು.

ಈ ಉಪಾಯದ ಪ್ರಶ್ನೆ ಈಗ ಕಾಲೇಜಿನ ಹುಡುಗ ಹುಡುಗಿಯರ ತಲೆಗೆ ಬಂದಿದೆ. ಪತ್ರಿಕೋದ್ಯಮ, ವಿದ್ಯುನ್ಮಾನ ಮಾಧ್ಯಮ ಎಂದು ನಾನಾ ಹೆಸರಿನ ತರಗತಿಗಳಿವೆ. ಅವುಗಳಲ್ಲಿ ಹತ್ತು ನಿಮಿಷದ ಕಿರುಚಿತ್ರ ಮಾಡಿ ಒಪ್ಪಿಸಿದರೆ ಅಂಕ. 'ಕಾಲದ ನಡಿಗೆ' ಎಂಬುದು ಅಧ್ಯಾಪಕರಿಗೆ ಬಲು ಪ್ರಿಯವಾದ ವಿಷಯ. ಅಂಥ ನಾಲ್ವರು ವಿದ್ಯಾರ್ಥಿಗಳು ತಮ್ಮ ಯೋಜನೆಯನ್ನು ನನಗೆ ತೋರಿಸಿದರು. ಮೊದಲ ದೃಶ್ಯದಲ್ಲಿ ಗೋಡೆ ಗಡಿಯಾರ. ಎರಡನೆಯದರಲ್ಲಿ ಸೂರ್ಯಾಸ್ತ. ಮೂರನೆಯದರಲ್ಲಿ ಮುದುಕರೊಬ್ಬರ ಸುಕ್ಕುಗಟ್ಟಿದ ಕೈ, ಅದರ ಪಕ್ಕದಲ್ಲಿ ಮಗುವಿನ ಕೈ. ಕೊನೆಗೆ ಮತ್ತೆ ಗಡಿಯಾರ, ಈ ಸಲ ಅದು ನಿಂತಿರುತ್ತದೆ.

"ಹೇಗಿದೆ ಸಾರ್?" ಎಂದು ಕೇಳಿದರು.

ಚೆನ್ನಾಗಿಯೇ ಇತ್ತು. ತೊಂದರೆಯೇನೆಂದರೆ, ಗಡಿಯಾರ ಗಂಟೆ ಎಷ್ಟೆಂದು ಹೇಳುತ್ತದೆಯೇ ಹೊರತು ಕಾಲ ಏನು ಮಾಡಿತು ಎಂದು ಹೇಳುವುದಿಲ್ಲ. ಮಾಡಿದ ಕೆಲಸದಿಂದಲೇ ಕಾಲದ ಗುರುತು ಹಿಡಿಯಬೇಕು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ 'ತಬರನ ಕಥೆ'ಯನ್ನು ನೆನಪಿಸಿಕೊಳ್ಳಿ. ಅಲ್ಲಿ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಎಷ್ಟು ದಿನ ಅಲೆದ ಎಂದು ತಿಳಿಯಲು ನಮಗೆ ಕ್ಯಾಲೆಂಡರು ಬೇಕಾಗುವುದಿಲ್ಲ. ಮನೆಯಲ್ಲಿ ಅವನ ಹೆಂಡತಿಯ ಕಾಲಿನ ಗಾಯ ಬೆಳೆಯುತ್ತಿದೆ. ಕಚೇರಿಯಲ್ಲಿ ಕಡತ ಕದಲುವುದಿಲ್ಲ, ಮನೆಯಲ್ಲಿ ಗಾಯ ನಿಲ್ಲುವುದಿಲ್ಲ. ಈ ಎರಡರ ನಡುವೆ ಇರುವುದೇ ಕಾಲ. ನೋಡುವವನ ಎದೆ ಹಿಂಡುವುದಕ್ಕೆ ಅಷ್ಟು ಸಾಕು.

ಹಾಗಾದರೆ ವಿದ್ಯಾರ್ಥಿಯೊಬ್ಬ, ಹಣವಿಲ್ಲದೆ, ನಟರಿಲ್ಲದೆ, ಕಾಲ ಮಾಡಿದ ಕೆಲಸವನ್ನು ಹೇಗೆ ಹಿಡಿದು ತೋರಿಸಬೇಕು? ಇದಕ್ಕೆ ಉತ್ತರ ನಮ್ಮ ದೇಶದ ಸಿನಿಮಾದ ತೊಟ್ಟಿಲಿನಲ್ಲೇ ಇದೆ.

ದಾದಾಸಾಹೇಬ್ ಫಾಲ್ಕೆಯವರು 1912ರಲ್ಲಿ ಲಂಡನ್ನಿಗೆ ಹೋಗಿ, ಚಿತ್ರ ತೆಗೆಯುವ ವಿದ್ಯೆಯನ್ನು ನೋಡಿಕೊಂಡು ಬಂದು, ಕ್ಯಾಮೆರಾ ತರಿಸಿಕೊಂಡರು. ಕಥಾಚಿತ್ರ ಮಾಡಲು ಹಣ ಬೇಕು. ಹಣ ಕೊಡುವವರಿಗೆ ಈ ಮನುಷ್ಯನಲ್ಲಿ ನಂಬಿಕೆ ಬರಬೇಕು. ಫಾಲ್ಕೆ ಏನು ಮಾಡಿದರು ಗೊತ್ತೇ? ಒಂದು ಕುಂಡದಲ್ಲಿ ಬಟಾಣಿ ಕಾಳು ನೆಟ್ಟು, ಅದರೆದುರು ಕ್ಯಾಮೆರಾ ನಿಲ್ಲಿಸಿದರು. ದಿನಕ್ಕಿಷ್ಟು ಎಂದು ಒಂದು ತಿಂಗಳಿಗೂ ಮೀರಿ ಚಿತ್ರ ತೆಗೆಯುತ್ತ ಹೋದರು. ಕಾಳು ಒಡೆಯಿತು, ಮೊಳಕೆ ಎದ್ದಿತು, ಬಳ್ಳಿಯಾಯಿತು. ಅದೆಲ್ಲ ಸೇರಿ ಒಂದು ನಿಮಿಷಕ್ಕಿಂತ ಚೂರು ಹೆಚ್ಚಿನ ಚಿತ್ರ. ಹೆಸರು 'ಅಂಕುರಾಚೀ ವಾಢ', ಎಂದರೆ ಮೊಳಕೆಯ ಬೆಳವಣಿಗೆ. ಅದನ್ನು ನೋಡಿದವರು ಬೆರಗಾದರು, ಸಾಲ ಹುಟ್ಟಿತು. ಮರುವರ್ಷ, 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ' ತೆರೆಗೆ ಬಂತು. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲೇ ಹೂವು ಅರಳುವುದನ್ನು ಇದೇ ಬಗೆಯಲ್ಲಿ ತೆಗೆದು ಜನರನ್ನು ಬೆರಗುಗೊಳಿಸಿದ್ದರು. ಆದರೆ ನಮ್ಮಲ್ಲಿ ಸಿನಿಮಾದ ಮಹಾವೃಕ್ಷವೇ ಬಟಾಣಿ ಕಾಳಿನಿಂದ ಎದ್ದಿತು ಎಂಬುದು ಸಣ್ಣ ಮಾತಲ್ಲ. ಅದಕ್ಕೆ ಬೇಕಾದದ್ದು ಒಂದು ಕುಂಡ, ಒಂದು ಕಾಳು, ಮತ್ತು ಕಾಯುವ ತಾಳ್ಮೆ.

ಬಟಾಣಿಯನ್ನು ಫಾಲ್ಕೆ ಮಾಡಿ ಮುಗಿಸಿದ್ದಾಯಿತು. ನಮ್ಮ ಹುಡುಗರು ಕ್ಯಾಮೆರಾ ಎಲ್ಲಿ ಇಡಬೇಕು? ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು ದೂರದಲ್ಲಿ, ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಹತ್ತಿರವಾಗಿ ಒಂದು ಊರಿದೆ: ಕೊಕ್ಕರೆ ಬೆಳ್ಳೂರು. ಮೈಸೂರಿನ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಬಳಿ ಒಳಗೆ ತಿರುಗಬೇಕು. ಈ ಊರಿನಲ್ಲಿ ಕಾಲ ಮರದ ಮೇಲೆ ಗೂಡು ಕಟ್ಟಿಕೊಂಡು ಕೂತಿರುತ್ತದೆ ಎಂದರೆ ಅದು ಕೇವಲ ಅಲಂಕಾರದ ಮಾತಲ್ಲ.

ಹಕ್ಕಿಧಾಮ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕೆರೆಯ ನಡುಗಡ್ಡೆ, ತಂತಿ ಬೇಲಿ, ದೋಣಿ, ಟಿಕೆಟ್ ಕೊಡುವ ಕಿಂಡಿ. ಇಲ್ಲಿ ಅದೊಂದೂ ಅಲ್ಲ. ಮನೆಗಳ ನಡುವೆ, ಹಿತ್ತಿಲಿನಲ್ಲಿ, ಬೀದಿಯ ತಿರುವಿನಲ್ಲಿ ಹುಣಸೆ, ಅರಳಿ, ಆಲದ ಮರಗಳಿವೆ. ಆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮೇಲೆ ಮರಿಗಳು ಬಾಯಿ ಬಿಡುತ್ತಿರುತ್ತವೆ. ಊರಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಹೋಲಿಸುತ್ತಾರೆ. ತವರಿಗೆ ಬಂದ ಮಗಳನ್ನು ಯಾರು ತಾನೇ ಓಡಿಸುತ್ತಾರೆ? ಹಿಂದೆ ಪ್ಲೇಗಿನ ಕಾಲದಲ್ಲಿ ನದಿಯ ಬದಿಯ ಹಳೆಯ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದರೆಂದೂ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹೇಳುತ್ತಾರೆ. ಊರಿನ ಹೆಸರಿನ ಹಿಂದೆ ಹಕ್ಕಿಯ ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ.

ಈ ಊರಿನ ಹೆಸರು ಹೇಳಿದ್ದೇ ತಡ, ನಾಲ್ವರ ಮುಖ ಅರಳಿತು. ಅರ್ಧ ಗಂಟೆಯಲ್ಲಿ ಹೊಸ ಯೋಜನೆ ಸಿದ್ಧವಾಯಿತು. ಶುಕ್ರವಾರ ಹೊರಡುವುದು, ಮದ್ದೂರಿನಲ್ಲಿ ವಡೆ ತಿನ್ನುವುದು, ಶನಿವಾರ ಭಾನುವಾರ ಚಿತ್ರೀಕರಣ, ಸೋಮವಾರ ತರಗತಿಗೆ ಹಾಜರು. ಮರದ ನೆತ್ತಿಯ ಮೇಲಿಂದ ತೆಗೆಯಲು ಬಾಡಿಗೆಗೆ ಒಂದು ಡ್ರೋನು. ಎರಡು ದಿನದಲ್ಲಿ ಕಾಲದ ನಡಿಗೆ ಮುಗಿಯಿತು!

ಇಲ್ಲಿ ಹಕ್ಕಿಯ ಪಂಚಾಂಗವನ್ನೊಮ್ಮೆ ತೆರೆದು ನೋಡಬೇಕಾಗುತ್ತದೆ. ಹೆಜ್ಜಾರ್ಲೆಗಳು ಸಾಮಾನ್ಯವಾಗಿ ನವೆಂಬರಿನ ಆಸುಪಾಸಿನಲ್ಲಿ ಊರಿಗೆ ಬರುತ್ತವೆ. ಕಡ್ಡಿ ತಂದು ಗೂಡು ಸರಿಮಾಡಿಕೊಳ್ಳುತ್ತವೆ. ಬಣ್ಣದ ಕೊಕ್ಕರೆಗಳು ಬರುವುದು ಅವುಗಳ ನಂತರ. ಹೆಜ್ಜಾರ್ಲೆ ಎರಡೋ ಮೂರೋ ಮೊಟ್ಟೆಯಿಟ್ಟು ಹೆಚ್ಚುಕಡಿಮೆ ಒಂದು ತಿಂಗಳು ಕಾವು ಕೊಡುತ್ತದೆ. ಮರಿ ಹೊರಬಂದಾಗ ಮೈಮೇಲೆ ಗರಿಯಿರುವುದಿಲ್ಲ, ಆಮೇಲೆ ಬಿಳಿಯ ತುಪ್ಪುಳು ಬರುತ್ತದೆ, ಆಮೇಲೆ ಗರಿ. ತಾಯಿ ತಂದೆಯ ಕೊಕ್ಕಿನ ಕೆಳಗಿನ ಚೀಲಕ್ಕೆ ತಲೆ ತೂರಿಸಿ ಮೀನು ತಿನ್ನುವ ಈ ಮರಿ ಗೂಡು ಬಿಡಲು ಮೂರರಿಂದ ಐದು ತಿಂಗಳು ಬೇಕು. ಮುಂಗಾರು ಹಿಡಿಯುವ ಹೊತ್ತಿಗೆ ಮರ ಬರಿದಾಗುತ್ತ ಬರುತ್ತದೆ. ಅಂದರೆ ಒಂದು ಬಾಣಂತನಕ್ಕೆ ಏಳೆಂಟು ತಿಂಗಳು. ಇದರಲ್ಲಿ ಎರಡು ದಿನ ಕತ್ತರಿಸಿ ತಂದರೆ ಸಿಗುವುದು ಹಕ್ಕಿಯ ಚಿತ್ರ, ಕಾಲದ್ದಲ್ಲ.

ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಪಯಣದ ಹೊತ್ತು ಅರ್ಧಕ್ಕರ್ಧ ಇಳಿಯಿತೆಂದು ಎಲ್ಲರೂ ಹೇಳಿಕೊಂಡರು. ರಸ್ತೆಯ ಮೇಲೆ ಕಾಲವನ್ನು ಹೀಗೆ ಕತ್ತರಿಸಬಹುದು. ಗೂಡಿನಲ್ಲಿ ಆಗುವುದಿಲ್ಲ. ಹೆಜ್ಜಾರ್ಲೆಯ ಮೊಟ್ಟೆ ಒಡೆಯಲು ಎತ್ತಿನ ಗಾಡಿಯ ಕಾಲದಲ್ಲೂ ಒಂದು ತಿಂಗಳು, ದಶಪಥದ ಕಾಲದಲ್ಲೂ ಒಂದೇ ತಿಂಗಳು.

ಇನ್ನು ಡ್ರೋನಿನ ಮಾತು. ಗೂಡಿನ ಮೇಲೆ ಗುಂಯ್‌ಗುಡುವ ಯಂತ್ರ ಬಂದರೆ ದೊಡ್ಡ ಹಕ್ಕಿಗಳು ಬೆದರಿ ಏಳುತ್ತವೆ. ಅವು ಎದ್ದರೆ ಮೊಟ್ಟೆಗೆ ಬಿಸಿಲು, ಮರಿಗೆ ಕಾಗೆ ಹದ್ದುಗಳ ಕಾಟ. ಗಾಬರಿಯಲ್ಲಿ ಮರಿ ಕೆಳಗೆ ಬೀಳಲೂಬಹುದು. ಕಾಲವನ್ನು ತೋರಿಸಲು ಹೋಗಿ ಮರಿಯೊಂದರ ಕಾಲವನ್ನೇ ಮುಗಿಸುವಂಥ ಚಿತ್ರ ಯಾರಿಗೂ ಬೇಡ. ಊರಿನವರನ್ನೂ ಅರಣ್ಯ ಇಲಾಖೆಯನ್ನೂ ಮೊದಲು ಕೇಳಿ, ನೆಲದ ಮೇಲೆ, ದೂರದಲ್ಲಿ, ಒಂದೇ ಕಡೆ ಕ್ಯಾಮೆರಾ ನಿಲ್ಲಿಸಬೇಕು. ಫಾಲ್ಕೆ ಕುಂಡದೆದುರು ನಿಲ್ಲಿಸಿದ ಹಾಗೆ.

ಲೆಕ್ಕ ಹಾಕಿ ನೋಡೋಣ. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಬೇಕು. ನವೆಂಬರ್ 1ರಿಂದ ಜೂನ್ 30ರವರೆಗೆ 242 ದಿನ. ದಿನಕ್ಕೊಂದು ಚಿತ್ರ ತೆಗೆದರೆ ಹಕ್ಕಿಗಳ ಇಡೀ ಬಾಣಂತನ ಹತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಹಗಲು ಹತ್ತು ಗಂಟೆ ಎಂದಿಟ್ಟುಕೊಂಡು ಗಂಟೆಗೊಂದು ತೆಗೆದರೆ 2,420 ಚಿತ್ರ. ಅದು ಒಂದು ನಿಮಿಷ ನಲವತ್ತು ಸೆಕೆಂಡು. ಕಡಿಮೆಯಾಯಿತೆಂದು ಮೂಗು ಮುರಿಯಬೇಡಿ. 1895ರಲ್ಲಿ ಪ್ಯಾರಿಸಿನಲ್ಲಿ ಲ್ಯೂಮಿಯೇರ್ ಸೋದರರು ಜಗತ್ತಿಗೆ ಸಿನಿಮಾ ತೋರಿಸಿದಾಗ ಒಂದೊಂದು ಚಿತ್ರದ ಉದ್ದ ಐವತ್ತು ಸೆಕೆಂಡಿನ ಸುಮಾರು ಇತ್ತು. ಹಿಂದೆ ವಿದ್ಯಾರ್ಥಿಗೆ 16 ಮಿಲಿಮೀಟರಿನ 400 ಅಡಿಯ ಒಂದು ಸುರುಳಿ ಕೊಟ್ಟರೆ ಅದರಲ್ಲಿ ಹನ್ನೊಂದು ನಿಮಿಷ ಬರುತ್ತಿತ್ತು. ಒಂದೊಂದು ಅಡಿಯನ್ನೂ ಕಂಜೂಸಿನಿಂದ ಖರ್ಚು ಮಾಡಬೇಕಿತ್ತು. ಈಗ ಜೇಬಿನ ಫೋನಿನಲ್ಲೇ ಸಾವಿರಾರು ಚಿತ್ರ ಹಿಡಿಸುತ್ತದೆ. ಸುರುಳಿಯ ಬಡತನ ಹೋಯಿತು, ಬಿಡುವಿನ ಬಡತನ ಬಂತು.

ಚಿತ್ರ ಕಾಣಿಸುವಷ್ಟೇ ಕೇಳಿಸಲೂಬೇಕು. ಬೆಳೆದ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಹೆಚ್ಚು ಸದ್ದು ಮಾಡುವ ಜಾತಿಯಲ್ಲ; ಕೊಕ್ಕು ಕಟಕಟಾಯಿಸಿದರೆ ಅದೇ ಅವುಗಳ ಮಾತು. ಗಲಾಟೆಯೆಲ್ಲ ಮರಿಗಳದು. ಆದ್ದರಿಂದ ಒಂದೇ ಮರದ ಬುಡದಲ್ಲಿ ತಿಂಗಳಿಗೊಮ್ಮೆ ಒಂದು ನಿಮಿಷ ಶಬ್ದ ಹಿಡಿದಿಟ್ಟರೂ ಸಾಕು. ನವೆಂಬರಿನಲ್ಲಿ ಬರೀ ರೆಕ್ಕೆಯ ಸದ್ದು, ಮರಿಗಳಾದ ಮೇಲೆ ಸಂತೆಯ ಗದ್ದಲ, ಮಳೆಗಾಲದಲ್ಲಿ ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದು. ಕಣ್ಣು ಮುಚ್ಚಿಕೊಂಡು ಕೇಳಿದವನಿಗೂ ಯಾವ ತಿಂಗಳೆಂದು ಗೊತ್ತಾಗಬೇಕು.

ಬೆಳಕೂ ಒಂದು ಗಡಿಯಾರವೇ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ, ಖಾಲಿ ಸ್ಟುಡಿಯೋದ ಕತ್ತಲಿನಲ್ಲಿ ಮೇಲಿಂದ ಕೋಲಿನಂತೆ ಇಳಿಯುವ ಬೆಳಕನ್ನು ಅವರು ಎರಡು ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ ಸಾಧಿಸಿದರು. ಸೂರ್ಯ ಸರಿದಂತೆ ಕನ್ನಡಿಯೂ ಸರಿಯಬೇಕು. ಸೂರ್ಯನ ಹಿಂದೆ ಹೋಗುವುದೇ ಛಾಯಾಗ್ರಾಹಕನ ಮೊದಲ ಪಾಠ. ಬೆಳ್ಳೂರಿನಲ್ಲಿ ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತ ಹುಡುಗಿಗೆ ಡಿಸೆಂಬರಿನ ನೆರಳಿಗೂ ಏಪ್ರಿಲ್ಲಿನ ನೆರಳಿಗೂ ಇರುವ ಅಂತರವನ್ನು ಯಾರೂ ಪಾಠ ಹೇಳಬೇಕಾಗಿಲ್ಲ.

ಇಷ್ಟಾದರೂ ನನ್ನ ಮಟ್ಟಿಗೆ ಚಿತ್ರ ಇನ್ನೂ ಆಗಲಿಲ್ಲ. ಹಕ್ಕಿ ಬಂತು, ಮರಿಯಾಯಿತು, ಹೋಯಿತು, ಮತ್ತೆ ಬಂತು. ಇದು ಚಕ್ರ. ಚಕ್ರ ತಿರುಗುವುದನ್ನು ನೋಡಿ ಮನಸ್ಸಿಗೆ ಹಿತವಾಗುತ್ತದೆ. ಆದರೆ ಗಾಡಿಯ ಚಕ್ರ ತಿರುಗಿದಷ್ಟೂ ಗಾಡಿ ಮುಂದಕ್ಕೆ ಹೋಗಿರುತ್ತದೆ. ಗಾಡಿ ಎಲ್ಲಿಗೆ ಹೋಯಿತು ಎಂಬುದನ್ನು ತಿಳಿಯಬೇಕಾದರೆ ಹಕ್ಕಿಯನ್ನು ಬಿಟ್ಟು ಮರವನ್ನು ನೋಡಬೇಕು, ಮರವನ್ನು ಬಿಟ್ಟು ಮರದ ಒಡೆಯನನ್ನು ನೋಡಬೇಕು.

ಹುಣಸೆ ಹಣ್ಣು ಬಡಿಯುವುದು ಯಾವಾಗ? ಸಂಕ್ರಾಂತಿ ಕಳೆದ ಮೇಲೆ, ಯುಗಾದಿಯ ಹಿಂದುಮುಂದಿನ ತಿಂಗಳುಗಳಲ್ಲಿ. ಹಕ್ಕಿಗಳು ಮೊಟ್ಟೆ ಮರಿ ಇಟ್ಟುಕೊಂಡು ಕೂತಿರುವುದೂ ಅದೇ ತಿಂಗಳುಗಳಲ್ಲಿ. ಮರ ಹತ್ತಿ ಕೋಲಿನಿಂದ ಬಡಿದರೆ ಗೂಡು ಉಳಿಯುವುದಿಲ್ಲ. ಗೂಡು ಉಳಿಸಿದರೆ ಹಣ್ಣು ಕೈಗೆ ಬರುವುದಿಲ್ಲ. ಮರದ ಒಡೆಯ ಪ್ರತಿ ವರ್ಷ ಒಂದು ತೀರ್ಮಾನ ಮಾಡಬೇಕು. ತಲೆಮಾರುಗಳಿಂದ ಆ ತೀರ್ಮಾನ ಹಕ್ಕಿಯ ಪರವಾಗಿಯೇ ಬಂದಿದೆ. ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದದ್ದು ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ ಕೆರೆಯ ಗೋಡು ಮಣ್ಣು ಹಾಕಿಟ್ಟರೆ ಮೇಲಿನಿಂದ ಬಿದ್ದ ಹಿಕ್ಕೆ ಅದರೊಂದಿಗೆ ಬೆರೆತು ಗದ್ದೆಗೆ ಒಳ್ಳೆಯ ಗೊಬ್ಬರವಾಗುತ್ತಿತ್ತು. ಮೀನು ಕೆರೆಯದು, ಹಿಕ್ಕೆ ಹಕ್ಕಿಯದು, ಬೆಳೆ ರೈತನದು.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಕಡೆಗೆ ಹೊರಗಿನವರ ಕಣ್ಣು ತಿರುಗಿಸಿದರು. ಬೆಂಗಳೂರಿನ ಬೀದಿಗಳಿಗೆ ಸಾಲುಮರ ನೆಡಿಸಿದವರು ಇವರೇ. ಹುಣಸೆ ಬಡಿಯದೆ ಬಿಟ್ಟ ಒಡೆಯರಿಗೆ ಸರ್ಕಾರ ಪರಿಹಾರ ಧನ ಕೊಡುವ ಏರ್ಪಾಡು ಬಂದದ್ದು ಹಾಗೆ. 1994ರಿಂದ ಮೈಸೂರಿನ ನಿಸರ್ಗಾಸಕ್ತರು ಊರಿನ ಯುವಕರ ಜೊತೆ ಕೂಡಿ ಕೆಲಸ ಶುರುಮಾಡಿದರು. 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆಯ ಆವರಣದಲ್ಲಿ ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. 2007ರಲ್ಲಿ ಈ ಜಾಗವನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಖಾಸಗಿ ಹಿತ್ತಿಲಿನ ಮರಗಳನ್ನು ಊರಿನವರೇ ಕಾಯುವುದಕ್ಕೆ ಕಾನೂನಿನ ಹೆಸರು ಸಿಕ್ಕಿತು. ಹಾಗೆಂದು ಎಲ್ಲವೂ ಸುಖಾಂತವಾಗಲಿಲ್ಲ. 2017-18ರ ಋತುವಿನಲ್ಲಿ ಜಂತುಹುಳುವಿನ ಬಾಧೆಗೆ ಹತ್ತಾರು ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತವು. ಹಕ್ಕಿ ಮೀನು ಹಿಡಿಯುವ ಕೆರೆಗಳ ನೀರು ಹೇಗಿದೆ ಎಂಬ ಪ್ರಶ್ನೆ ಆಗ ಎದ್ದಿತು. ಗೂಡು ಬೆಳ್ಳೂರಿನಲ್ಲಿದ್ದರೂ ಊಟ ಇರುವುದು ಸುತ್ತಲ ಹತ್ತೂರ ಕೆರೆಗಳಲ್ಲಿ.

ಇಂಥ ತಾಣ ಒಂದು ಆಯುಷ್ಯದೊಳಗೆ ಮಾಯವಾಗಬಹುದೇ ಎಂದು ನೀವು ಕೇಳಬಹುದು. ಆಗಿದೆ. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ ಇದೇ ಜಾತಿಯ ಹೆಜ್ಜಾರ್ಲೆಗಳು ಲೆಕ್ಕವಿಲ್ಲದಷ್ಟು ಗೂಡು ಕಟ್ಟಿದ್ದನ್ನು 1877ರಲ್ಲಿ ಓಟ್ಸ್ ಎಂಬ ಪಕ್ಷಿತಜ್ಞ ಕಂಡು ಬರೆದರು. ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿನ ಗೂಡುಗಳು ಇಲ್ಲವಾದವು. ಆಂಧ್ರದ ಕೊಲ್ಲೇರು ಸರೋವರದ ಸೀಮೆಯ ದೊಡ್ಡ ತಾಣವೊಂದನ್ನು 1946ರಲ್ಲಿ ಕೆ.ಕೆ. ನೀಲಕಂಠನ್ ಪತ್ತೆಹಚ್ಚಿದರು, 1970ರ ದಶಕದಲ್ಲಿ ಅದೂ ಬರಿದಾಯಿತು. ಹಕ್ಕಿಗಳು ಬಾರದೆ ಹೋದ ಮೊದಲ ವರ್ಷ ಅಲ್ಲಿನವರು, ಈ ಸಲ ತಡವಾಯಿತು, ಮುಂದಿನ ಸಲ ಬರುತ್ತವೆ ಎಂದುಕೊಂಡಿರಬಹುದು. ಕಡೆಯ ಸಲ ಎಂಬುದು ಆಗುವಾಗ ಗೊತ್ತಾಗುವುದಿಲ್ಲ.

ಬೆಳ್ಳೂರಿನ ಮಟ್ಟಿಗೆ ನನಗೆ ಅತ್ಯಂತ ಕಾಡುವ ಪ್ರಶ್ನೆ ಸಣ್ಣದು, ಮನೆವಾರ್ತೆಯದು. ಮನೆ ಪಾಲಾದಾಗ ಮರ ಯಾರ ಪಾಲಿಗೆ? ಅಜ್ಜನಿಗೆ ಒಂದೇ ಹಿತ್ತಿಲು, ಅದರಲ್ಲೊಂದು ಹುಣಸೆ ಮರ. ಅಜ್ಜನಿಗೆ ಇಬ್ಬರು ಮಕ್ಕಳು, ಅವರಿಗೆ ಇಬ್ಬಿಬ್ಬರು ಗಂಡುಮಕ್ಕಳು. ಪ್ರತಿಯೊಬ್ಬನಿಗೂ ಒಂದು ತಾರಸಿ ಮನೆ ಬೇಕು, ಬೈಕು ನಿಲ್ಲಿಸಲು ಜಾಗ ಬೇಕು. ಮರಕ್ಕೆ ಮಾತ್ರ ಮೊದಲಿನಷ್ಟೇ ಜಾಗ ಬೇಕು. ಮರ ಕಡಿಯಲು ಒಂದು ಬೆಳಗು ಸಾಕು. ಇಂದು ನೆಟ್ಟ ಹುಣಸೆ ಸಸಿ ಹೆಜ್ಜಾರ್ಲೆಯಂಥ ಭಾರದ ಹಕ್ಕಿಗಳ ಸಂಸಾರಗಳನ್ನು ಹೊರುವಷ್ಟು ಬೆಳೆಯಲು, ನೆಟ್ಟವನ ಮಗನಿಗೆ ಮಕ್ಕಳಾಗುವಷ್ಟು ಕಾಲ ಹಿಡಿಯುತ್ತದೆ. ಹೀಗೆ ಒಂದೇ ಹಿತ್ತಿಲಿನಲ್ಲಿ ಮೂರು ಗಡಿಯಾರಗಳು ನಡೆಯುತ್ತಿವೆ: ಹಕ್ಕಿಯದು ವರ್ಷದ್ದು, ಮನುಷ್ಯನದು ತಲೆಮಾರಿನದು, ಮರದ್ದು ಶತಮಾನದ್ದು. ಚಿತ್ರ ಇರುವುದು ಈ ಮೂರೂ ಹೊಂದದೆ ಹೋಗುವ ಕಡೆ.

ಆದ್ದರಿಂದ ನಾಲ್ವರ ಮುಂದೆ ನಾನಿಟ್ಟ ಯೋಜನೆ ಇಷ್ಟು. ಒಂದು ಮರ ಆರಿಸಿಕೊಳ್ಳಿ, ಒಂದೇ. ಅದರ ಒಡೆಯರ ಒಪ್ಪಿಗೆ ಪಡೆಯಿರಿ. ಕ್ಯಾಮೆರಾ ನಿಲ್ಲಿಸುವ ಜಾಗಕ್ಕೆ ನೆಲದಲ್ಲಿ ಒಂದು ಗುರುತಿನ ಕಲ್ಲು ಹುಗಿಯಿರಿ. ಎಷ್ಟು ಎತ್ತರ, ಯಾವ ಲೆನ್ಸು, ದಿನದ ಯಾವ ಹೊತ್ತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಚೌಕಟ್ಟಿನಲ್ಲಿ ಮರದ ಜೊತೆ ಮನೆಯ ಬಾಗಿಲೂ ಬೀದಿಯ ಒಂದು ತುಂಡೂ ಬರಲಿ. ಮುಂದೇನು ಬದಲಾಗುತ್ತದೆಂದು ಈಗಲೇ ಊಹಿಸಬೇಡಿ. ಹೆಂಚು ಹೋಗಿ ತಾರಸಿ ಬರಬಹುದು, ಅಂಗಳದಲ್ಲಿ ಆಡುವ ಹುಡುಗಿ ಮದುವೆಯಾಗಿ ಹೋಗಬಹುದು, ಮರದ ಒಂದು ಕೊಂಬೆ ಗಾಳಿಗೆ ಮುರಿಯಬಹುದು. ನಿಮ್ಮ ಸಲಹೆ ಸೂಚನೆಗಳಿಲ್ಲದೆ ಇವೆಲ್ಲ ತಾವಾಗಿ ನಡೆಯಲಿ.

"ನಮ್ಮ ಸೆಮಿಸ್ಟರು ನಾಲ್ಕೇ ತಿಂಗಳು ಸಾರ್" ಎಂದಳು ಒಬ್ಬಳು. ಇದು ನ್ಯಾಯವಾದ ಮಾತು. ಹಕ್ಕಿಗೆ ಏಳೆಂಟು ತಿಂಗಳು, ಪರೀಕ್ಷೆಗೆ ನಾಲ್ಕು ತಿಂಗಳು.

ಇದಕ್ಕೂ ದಾರಿಯಿದೆ. ಅಮೆರಿಕದ ರಿಚರ್ಡ್ ಲಿಂಕ್ಲೇಟರ್ 'ಬಾಯ್‌ಹುಡ್' ಚಿತ್ರವನ್ನು 2002ರಿಂದ ಆಗಾಗ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ, ಹನ್ನೆರಡು ವರ್ಷಗಳ ನಂತರ 2014ರಲ್ಲಿ ತೆರೆಗೆ ತಂದರು. ಅದರಲ್ಲಿ ಆರು ವರ್ಷದ ಹುಡುಗನ ಕಾಲಿಗೆ ಇದ್ದಕ್ಕಿದ್ದಂತೆ ಬೂಟು ಬರಲಿಲ್ಲ. ಹುಡುಗ ನಿಜವಾಗಿಯೇ ಬೆಳೆದ. ನಮ್ಮವರು ನಟನನ್ನು ಹನ್ನೆರಡು ವರ್ಷ ಹಿಡಿದಿಡಬೇಕಾಗಿಲ್ಲ; ನಟ ಮರ, ಅದು ಕಾಲ್‌ಶೀಟ್ ಕೇಳುವುದಿಲ್ಲ. ವಿದ್ಯಾರ್ಥಿಗಳು ಬದಲಾದರೇನಂತೆ? ಈ ವರ್ಷದವರು ತಮ್ಮ ಒಂದು ನಿಮಿಷವನ್ನು ತೆಗೆದು, ಅದನ್ನೇ ಪೂರ್ಣ ಚಿತ್ರವಾಗಿ ಒಪ್ಪಿಸಿ ಅಂಕ ತೆಗೆದುಕೊಳ್ಳಲಿ. ಕಲ್ಲನ್ನೂ ನೋಟ್‌ಬುಕ್ಕನ್ನೂ ಮುಂದಿನ ತರಗತಿಯವರಿಗೆ ಒಪ್ಪಿಸಿ ಹೋಗಲಿ. ಮುಂದಿನವರು ತಮ್ಮದೊಂದು ನಿಮಿಷ ಸೇರಿಸಲಿ. ಹತ್ತು ವರ್ಷಕ್ಕೆ ಹತ್ತು ನಿಮಿಷ. ಅಧ್ಯಾಪಕರು ಕೇಳಿದ ಉದ್ದವೂ ಅಷ್ಟೇ ತಾನೇ?

"ಹತ್ತು ವರ್ಷ ಆದಮೇಲೆ ಅದು ಯಾರ ಚಿತ್ರ ಸಾರ್?" ಎಂದ ಇನ್ನೊಬ್ಬ. ಆ ವಯಸ್ಸಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ನಿರ್ದೇಶಕನ ಹೆಸರು ಪರದೆಯ ಮೇಲೆ ಒಂಟಿಯಾಗಿ ಬರಬೇಕೆಂದು ಯಾರಿಗೆ ಆಸೆಯಿರುವುದಿಲ್ಲ? ಗಿರೀಶ ಕಾಸರವಳ್ಳಿಯವರು ಪುಣೆಯ ಸಂಸ್ಥೆಯಲ್ಲಿ ಓದುವಾಗ ಮಾಡಿದ 'ಅವಶೇಷ್' ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದಾಗಿ ಸ್ವಲ್ಪದರಲ್ಲೇ, 1977ರಲ್ಲಿ, 'ಘಟಶ್ರಾದ್ಧ' ಬಂತು. ವಿದ್ಯಾರ್ಥಿ ಚಿತ್ರವೊಂದು ಬಾಗಿಲು ತೆರೆಯಬಲ್ಲದು, ನಿಜ. ಆದರೆ ಕಾಲದ ಬಗ್ಗೆ ಚಿತ್ರ ಮಾಡುವವರಿಗೆ ಒಂದು ಕಟ್ಟುಪಾಡಿದೆ: ತಾನು ಇಲ್ಲದಾಗಲೂ ಕೆಲಸ ನಡೆಯುತ್ತದೆ ಎಂಬುದನ್ನು ಮೊದಲು ತಾನು ಒಪ್ಪಿಕೊಳ್ಳಬೇಕು. ಹುಣಸೆ ಮರ ನೆಟ್ಟವನು ಅದನ್ನು ಒಪ್ಪಿಕೊಂಡೇ ನೆಟ್ಟಿದ್ದ. ಅವನ ಹೆಸರೂ ಮರದ ಮೇಲೆ ಬರೆದಿಲ್ಲ.

ಕಡೆಯದಾಗಿ ಒಂದು ಮಾತು. ಇದನ್ನು ಅವರು ಮರೆಯದಿರಲಿ ಎಂದು ಎರಡು ಸಲ ಹೇಳಿದ್ದೇನೆ. ಜೂನ್ ಕಳೆದ ಮೇಲೆ ಮರದಲ್ಲಿ ಹಕ್ಕಿಯಿರುವುದಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಎಲೆ ತೊಳೆದು ಹಸಿರಾಗಿ, ಹಳೆಯ ಗೂಡಿನ ಕಡ್ಡಿಗಳು ಒಂದೊಂದಾಗಿ ಕೆಳಗೆ ಬಿದ್ದು, ಮರ ಬರಿದೇ ನಿಂತಿರುತ್ತದೆ. ಪ್ರವಾಸಿಗರು ಬರುವುದಿಲ್ಲ. ಸಂಕಲನದ ಮೇಜಿನ ಮುಂದೆ ಕೂತಾಗ, ಏನೂ ನಡೆಯದ ಈ ನಾಲ್ಕು ತಿಂಗಳನ್ನು ಕತ್ತರಿಸಿ ಬಿಸಾಡೋಣ ಎಂದು ಕೈ ತುರಿಸುತ್ತದೆ. ಕತ್ತರಿಸಬಾರದು. ಆ ತಿಂಗಳುಗಳಲ್ಲೇ ಊರು ಕೂತು ಮರದ ಬಗ್ಗೆ ಯೋಚಿಸುತ್ತದೆ. ಕಡಿಯುವುದೋ ಬಿಡುವುದೋ, ಮನೆ ಯಾವ ಕಡೆಗೆ ಕಟ್ಟುವುದು, ಪರಿಹಾರದ ಹಣ ಬಂತೋ ಇಲ್ಲವೋ ಎಂಬ ಮಾತು ನಡೆಯುವುದು ಆಗಲೇ. ಬರಿಯ ಮರವನ್ನು ಅಷ್ಟು ಹೊತ್ತು ನೋಡಿದವನಿಗೆ ಮಾತ್ರ, ನವೆಂಬರಿನ ಒಂದು ಬೆಳಿಗ್ಗೆ ಮೊದಲ ಹೆಜ್ಜಾರ್ಲೆ ಬಂದು ಕೊಂಬೆಯ ಮೇಲೆ ಇಳಿದಾಗ, ಅದು ಬಂದದ್ದು ಎಷ್ಟು ದೊಡ್ಡ ಸುದ್ದಿ ಎಂದು ತಿಳಿದೀತು.